ಮೀನಿನ ತೊಟ್ಟಿಗೆ ಎಷ್ಟು ಉಪ್ಪು?

ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ತುಂಗಭದ್ರಾ ಕಾಲುವೆಯ ನೀರುಣ್ಣುವ ಎರೆ ಹೊಲಗಳನ್ನು ಬೇಸಿಗೆಯಲ್ಲಿ ನೋಡಿದವರಿಗೆ ಸವಳು ಎಂದರೇನೆಂದು ಹೇಳಬೇಕಾಗಿಲ್ಲ. ನೀರು ಬಸಿದು ಹೋಗದ ತಗ್ಗುಗಳಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಕಾಣಿಸಿಕೊಳ್ಳುತ್ತದೆ. ಅಲ್ಲಿ ನೆಟ್ಟ ಭತ್ತ ಸೊರಗುತ್ತದೆ. ಬೇರಿನ ಸುತ್ತ ನೀರಿದ್ದರೂ ಸಸಿಗೆ ಅದನ್ನು ಹೀರಲಾಗದು. ರೈತನಿಗೆ ಶತ್ರುವಾದ ಈ ಉಪ್ಪೇ ಬಳ್ಳಾರಿಯ ಮನೆಯೊಂದರ ಗಾಜಿನ ತೊಟ್ಟಿಯಲ್ಲಿ ಕಾಯಿಲೆ ಬಿದ್ದ ಮೀನಿಗೆ ಮದ್ದಾಗಬಲ್ಲದು. ಎರಡೂ ಕಡೆ ನಡೆಯುವ ಕ್ರಿಯೆ ಒಂದೇ. ಅದನ್ನು ನೀವು ಪಠ್ಯಪುಸ್ತಕದಲ್ಲಿ ಅಭಿಸರಣೆ ಎಂಬ ಹೆಸರಿನಲ್ಲಿ ಓದಿದ್ದೀರಿ.

ತೆಳುಪೊರೆಯ ಎರಡು ಬದಿಗಳಲ್ಲಿ ಲವಣದ ಪ್ರಮಾಣ ಬೇರೆ ಬೇರೆಯಾಗಿದ್ದರೆ ನೀರು ಲವಣ ಹೆಚ್ಚಿರುವ ಕಡೆಗೆ ಸಾಗುತ್ತದೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಲವಣವಿದ್ದರೆ, ಕೆರೆ ನೀರಿನಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ ಕೂಡ ಇರುವುದಿಲ್ಲ. ಆದ್ದರಿಂದ ಕಿವಿರುಗಳ ಮೂಲಕ ಹೊರಗಿನ ನೀರು ಹಗಲಿರುಳೂ ಮೀನಿನ ಮೈಯೊಳಗೆ ನುಗ್ಗುತ್ತಲೇ ಇರುತ್ತದೆ. ಅದನ್ನು ಮೂತ್ರವಾಗಿ ಹೊರಹಾಕುವುದು, ಸೋರಿಹೋಗುವ ಲವಣವನ್ನು ಕಿವಿರಿನ ಕೋಶಗಳಿಂದ ಮತ್ತೆ ಹೀರಿಕೊಳ್ಳುವುದು, ಇದೇ ಮೀನಿನ ನಿತ್ಯದ ದುಡಿಮೆ. ಮೈಮೇಲೆ ಗಾಯವಾದರೆ ಅಥವಾ ಕಿವಿರು ಕೆಟ್ಟರೆ ಈ ದುಡಿಮೆ ಇಮ್ಮಡಿಯಾಗುತ್ತದೆ. ನೀರಿಗೆ ಲೀಟರಿಗೆ 1ರಿಂದ 3 ಗ್ರಾಂ ಉಪ್ಪು ಬೆರೆಸಿದಾಗ ಒಳಹೊರಗಿನ ಅಂತರ ತಗ್ಗಿ ಮೀನಿಗೆ ಉಸಿರಾಡಲು ಬಿಡುವು ಸಿಕ್ಕಂತಾಗುತ್ತದೆ.

ಇನ್ನು ಬಿಳಿ ಚುಕ್ಕೆ ರೋಗ. ಮೀನಿನ ಮೈಮೇಲೆ ರವೆ ಉದುರಿಸಿದಂತೆ ಕಂಡರೆ ಅದು ಇಕ್ತಿಯಾಫ್ತಿರಿಯಸ್ ಎಂಬ ಏಕಕೋಶ ಪರೋಪಜೀವಿಯ ಕೆಲಸ. ಚರ್ಮದ ಅಡಿ ಅವಿತಿರುವಾಗ ಉಪ್ಪು ಅದನ್ನು ಮುಟ್ಟಲಾರದು. ಬೆಳೆದ ಜೀವಿ ಕಳಚಿ ತೊಟ್ಟಿಯ ತಳಕ್ಕೆ ಬಿದ್ದು, ಸುತ್ತ ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಹೊಸ ಮೀನನ್ನು ಹುಡುಕಿಕೊಂಡು ಈಜುವ ಆ ಮರಿಗಳೇ ಉಪ್ಪಿಗೆ ಬಲಿಯಾಗುವುದು. ಎಲ್ಲ ಜೀವಿಗಳೂ ಒಮ್ಮೆಲೇ ಕಳಚುವುದಿಲ್ಲ. ಆದ್ದರಿಂದ ಚಿಕಿತ್ಸೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಮೂರನೆಯ ದಿನ ಚುಕ್ಕೆ ಮಾಯವಾಯಿತೆಂದು ನಿಲ್ಲಿಸಿದವರ ತೊಟ್ಟಿಯಲ್ಲಿ ಅದು ಮರುವಾರ ಮತ್ತೆ ಹಾಜರು!

ಈಗ ಲೆಕ್ಕ. 40 ಲೀಟರ್ ನೀರಿರುವ ತೊಟ್ಟಿಗೆ ಲೀಟರಿಗೆ 3 ಗ್ರಾಮಿನಂತೆ 120 ಗ್ರಾಂ ಉಪ್ಪು. ಒಮ್ಮೆಲೇ ಸುರಿಯಬಾರದು. ಬೇರೆ ಪಾತ್ರೆಯಲ್ಲಿ ಕರಗಿಸಿ, ಎರಡು ದಿನಗಳಲ್ಲಿ ಮೂರು ನಾಲ್ಕು ಕಂತುಗಳಾಗಿ ಬೆರೆಸಬೇಕು. ಚಮಚದ ಅಳತೆಯನ್ನು ನಂಬದೆ ತೂಗಿಯೇ ಹಾಕಿ. ಹರಳುಪ್ಪು ಮತ್ತು ಪುಡಿಯುಪ್ಪಿನ ಚಮಚ ಒಂದೇ ತೂಗದು. ಅಯೋಡಿನ್ ಬೆರೆತ ಉಪ್ಪು ವಿಷವೆಂಬ ಮಾತು ಪ್ರಚಾರದಲ್ಲಿದೆ. ಕಿಲೋ ಉಪ್ಪಿನಲ್ಲಿ ಇರುವ ಅಯೋಡಿನ್ ಕೆಲವೇ ಮಿಲಿಗ್ರಾಂ. ಈ ಅಳತೆಯಲ್ಲಿ ಅದರಿಂದ ಭಯವಿಲ್ಲ.

ಭಯವಿರುವುದು ನಮ್ಮ ಬಿಸಿಲಿನಿಂದ. ಬಳ್ಳಾರಿಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ತೊಟ್ಟಿಯ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಸವಳು ಹೊಲದಲ್ಲಿ ಆಗುವುದೂ ಇದೇ. ಹಾಗಾಗಿ ಆರಿಹೋದ ನೀರಿನ ಜಾಗಕ್ಕೆ ಬರಿಯ ನೀರನ್ನಷ್ಟೇ ತುಂಬಬೇಕು. ನೀವೇ 10 ಲೀಟರ್ ತೆಗೆದು ಬದಲಿಸಿದಾಗ ಮಾತ್ರ ಆ ಹತ್ತಕ್ಕೆ 30 ಗ್ರಾಂ ಉಪ್ಪು. ದಿನಕ್ಕೊಂದು ಹಿಡಿ ಹಾಕುವ ರೂಢಿಯವರು ತಿಳಿಯದೆಯೇ ತೊಟ್ಟಿಯನ್ನು ಸವಳು ಮಾಡುತ್ತಾರೆ. ಕೊಳವೆ ಬಾವಿಯ ನೀರು ಮೊದಲೇ ಸಪ್ಪುಪ್ಪಾಗಿದ್ದರೆ ಕಡಿಮೆ ಪ್ರಮಾಣದಿಂದ ಆರಂಭಿಸುವುದು ಲೇಸು. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುವುದರಿಂದ ಗಾಳಿ ಪಂಪು ನಿಲ್ಲದಿರಲಿ. ಕರೆಂಟು ಹೋದರೆ ಲೋಟದಿಂದ ನೀರನ್ನು ಎತ್ತಿ ಸುರಿಯುತ್ತಿರಿ.

ಹೊಸ ತೊಟ್ಟಿಯಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ನೈಟ್ರೈಟ್ ವಿಷವೂ ಇರಬಹುದು. ಮೀನಿನ ಮಲ, ಉಳಿದ ಆಹಾರ ಕೊಳೆತು ಹುಟ್ಟುವ ನೈಟ್ರೈಟ್, ಕಿವಿರಿನಲ್ಲಿ ಕ್ಲೋರೈಡ್ ಹೋಗುವ ದಾರಿಯಲ್ಲೇ ಒಳನುಗ್ಗಿ ರಕ್ತವನ್ನು ಕಂದಾಗಿಸುತ್ತದೆ. ಅಂಥ ರಕ್ತ ಆಮ್ಲಜನಕ ಹೊರಲಾರದು. ಉಪ್ಪಿನ ಕ್ಲೋರೈಡ್ ಹೆಚ್ಚಾದಾಗ ನೈಟ್ರೈಟಿಗೆ ದಾರಿ ಸಿಗುವುದಿಲ್ಲ. ಇದಕ್ಕೆ ಲೀಟರಿಗೆ ಅರ್ಧ ಗ್ರಾಂ ಸಾಕು. ಜೊತೆಗೆ ನೀರನ್ನೂ ಬದಲಿಸಬೇಕು, ಏಕೆಂದರೆ ಉಪ್ಪು ನೈಟ್ರೈಟನ್ನು ತಡೆಯುತ್ತದೆಯೇ ಹೊರತು ನೀರಿನಿಂದ ತೆಗೆಯುವುದಿಲ್ಲ. ಹೊಟ್ಟೆ ಊದಿ ಪೊರೆ ನಿಮಿರಿದ ಮೀನಿಗಾಗಲಿ, ಅಮೋನಿಯ ತುಂಬಿದ ಕೊಳಕು ನೀರಿಗಾಗಲಿ ಉಪ್ಪು ಪರಿಹಾರವಲ್ಲ.

ಗೋಲ್ಡ್‌ಫಿಶ್, ಗಪ್ಪಿ, ಮಾಲಿ ಮೀನುಗಳು ಇಷ್ಟು ಉಪ್ಪನ್ನು ಸಹಿಸುತ್ತವೆ. ಪೊರೆಯಿಲ್ಲದ ಕ್ಯಾಟ್‌ಫಿಶ್, ಲೋಚ್ ಜಾತಿಗಳಿಗೆ ಅರ್ಧದಷ್ಟೂ ಕಷ್ಟ. ಜಲಸಸ್ಯಗಳಲ್ಲಿ ಹಲವು ಭತ್ತದ ಸಸಿಯಂತೆಯೇ ಸೊರಗುತ್ತವೆ. ಆದ್ದರಿಂದ ರೋಗಿ ಮೀನು ಒಂದೆರಡೇ ಆಗಿದ್ದರೆ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿಕೊಳ್ಳಬಹುದು. ಆದರೆ ಬಿಳಿ ಚುಕ್ಕೆಯಾದರೆ ಇಡೀ ತೊಟ್ಟಿಗೇ ಮದ್ದು ಮಾಡಬೇಕಾಗುತ್ತದೆ.

ಗುಣವಾದ ಮೇಲೆ ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಬರಿಯ ನೀರು ತುಂಬುತ್ತ ಬನ್ನಿ. ತೆಗೆದ ಉಪ್ಪು ನೀರನ್ನು ಹೂವಿನ ಕುಂಡಕ್ಕೆ ಹಾಕದೆ ಬಚ್ಚಲಿಗೆ ಚೆಲ್ಲಿ.