ಅಚ್ಚುಮೊಳೆಯಿಂದ ದನಿಯವರೆಗೆ: ಕನ್ನಡ ಭಾಷಾ ತಂತ್ರಜ್ಞಾನ ಮತ್ತು ದಿನಬಳಕೆ

ಹೊಸ ತಂತ್ರಜ್ಞಾನವೊಂದು ಜನಸಾಮಾನ್ಯರ ಬದುಕನ್ನು ಪ್ರವೇಶಿಸುವುದು ಬಹುಮಟ್ಟಿಗೆ ಅವರ ಭಾಷೆಯ ಮೂಲಕವೇ. ಮುದ್ರಣದ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಿತು. 1894ರಲ್ಲಿ ಕಿಟೆಲ್ಲರ ನಿಘಂಟು ಪ್ರಕಟವಾಯಿತು. ಓಲೆಗರಿಯಲ್ಲಿ ಕೆಲವರ ಸ್ವತ್ತಾಗಿದ್ದ ಬರಹವು ಹೀಗೆ ಕ್ರಮೇಣ ಹಲವರ ಕೈಗೆ ಬಂದಿತು. ಅಂಥದೇ ಇನ್ನೊಂದು ಪಲ್ಲಟ ಈಗ ನಡೆಯುತ್ತಿದೆ. ಯಂತ್ರವು ಕನ್ನಡವನ್ನು ಬರೆದುಕೊಳ್ಳುವುದಷ್ಟೇ ಅಲ್ಲ, ಕೇಳಿಸಿಕೊಳ್ಳತೊಡಗಿದೆ, ಓದಿ ಹೇಳತೊಡಗಿದೆ, ಬೇರೆ ಭಾಷೆಗಳಿಂದ ಅನುವಾದಿಸತೊಡಗಿದೆ. ಈ ಬೆಳವಣಿಗೆಯ ಹಂತಗಳನ್ನೂ ದಿನಬಳಕೆಯ ಮೇಲೆ ಅದು ಬೀರಬಹುದಾದ ಪರಿಣಾಮಗಳನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಅಕ್ಷರಕ್ಕೊಂದು ಸಂಖ್ಯೆ

ಗಣಕವು ಬಲ್ಲದ್ದು ಸಂಖ್ಯೆಗಳನ್ನು ಮಾತ್ರ. ಯಾವುದೇ ಲಿಪಿಯನ್ನು ಅದು ನಿರ್ವಹಿಸಬೇಕಾದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಬೇಕು. ಕನ್ನಡದ ವರ್ಣಮಾಲೆಯಲ್ಲಿ ಅಕ್ಷರಗಳು ಸುಮಾರು ಐವತ್ತೇ ಆದರೂ ಗುಣಿತಾಕ್ಷರ, ಒತ್ತಕ್ಷರಗಳ ರೂಪಗಳು ಸಾವಿರಾರು. ಆರಂಭದ ತಂತ್ರಾಂಶಗಳು ಈ ರೂಪಗಳ ತುಣುಕುಗಳಿಗೆ ತಮತಮಗೆ ತೋಚಿದಂತೆ ಸಂಖ್ಯೆಗಳನ್ನು ಕೊಟ್ಟುಕೊಂಡವು. ಒಂದು ತಂತ್ರಾಂಶದಲ್ಲಿ ಬರೆದ ಪತ್ರ ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣಿಸುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರೆಯಿತು. ಇಲ್ಲಿ ರೂಪಕ್ಕೆ ಬದಲಾಗಿ ವರ್ಣಕ್ಕೆ ಸಂಖ್ಯೆ ನೀಡಲಾಗಿದೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯಂತ್ರದ ಸ್ಮರಣೆಯಲ್ಲಿ ಅದು ಸಕಾರ, ವಿರಾಮ ಚಿಹ್ನೆ, ತಕಾರ, ಮತ್ತೊಂದು ವಿರಾಮ ಚಿಹ್ನೆ, ರಕಾರ, ದೀರ್ಘ ಈಕಾರದ ಚಿಹ್ನೆ ಎಂಬ ಆರು ಸಂಖ್ಯೆಗಳ ಸಾಲು. ಅವುಗಳನ್ನು ಸೇರಿಸಿ ಒತ್ತಕ್ಷರವಾಗಿ ತೋರಿಸುವ ಹೊಣೆ ಅಕ್ಷರವಿನ್ಯಾಸದ್ದು. ನಮ್ಮ ವೈಯಾಕರಣರ ವರ್ಣವಿಭಜನೆಗೆ ಈ ಕ್ರಮವು ಬಹಳ ಹತ್ತಿರವಾಗಿದೆ.

ಆದರೆ ಕನ್ನಡ ವಿದ್ವಾಂಸರ ಕಣ್ಣು ತಪ್ಪಿದ ಕಡೆ ಏನಾಗುತ್ತದೆ ಎಂಬುದಕ್ಕೂ ಇಲ್ಲಿಯೇ ಸಾಕ್ಷಿಯಿದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ನಮೂದಾಯಿತು. ಒಮ್ಮೆ ನಮೂದಾದ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮ. ಹೀಗಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲು ಸಾಧ್ಯವಾಯಿತೇ ಹೊರತು ಮೂಲದ ತಪ್ಪು ಹಾಗೆಯೇ ಉಳಿದಿದೆ.

ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಕನ್ನಡ ಬರವಣಿಗೆಯನ್ನು ಮನೆಮನೆಯ ಗಣಕಕ್ಕೆ ತಂದವು. ಇದೇ ಕಾಲದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕೀಕರಿಸಿತು. ಕೈಬರಹದ ಪಹಣಿಯ ಸ್ಥಾನವನ್ನು ಗಣಕದ ಪ್ರತಿ ಪಡೆಯಿತು. ರೈತನ ಹೆಸರಿನ ಒಂದು ಕೊಂಬು, ಒಂದು ದೀರ್ಘ ತಪ್ಪಿದರೆ ಸಾಲ, ಪರಿಹಾರ, ಪಾಲು ಎಲ್ಲಕ್ಕೂ ತೊಡಕು ಎಂಬ ಸ್ಥಿತಿಯಲ್ಲಿ ಕಾಗುಣಿತವು ಪಾಠಶಾಲೆಯ ವಿಷಯವಾಗಿ ಮಾತ್ರ ಉಳಿಯಲಿಲ್ಲ.

2. ಯಂತ್ರದ ಓದು

ಬರಹಕ್ಕೆ ನಿಶ್ಚಿತ ಸಂಖ್ಯೆಗಳು ದೊರೆತ ಮೇಲೆ ಅದನ್ನು ದನಿಯಾಗಿಸುವ ದಾರಿ ತೆರೆಯಿತು. ಕನ್ನಡದಲ್ಲಿ ಬರಹಕ್ಕೂ ಉಚ್ಚಾರಕ್ಕೂ ಇರುವ ಸಾಮೀಪ್ಯ ಈ ಕೆಲಸವನ್ನು ಇಂಗ್ಲಿಷಿಗಿಂತ ಸುಲಭಗೊಳಿಸುತ್ತದೆ. ಇದರ ನೇರ ಫಲಾನುಭವಿಗಳು ದೃಷ್ಟಿಹೀನರು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ, 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇಂದು ಕನ್ನಡದ ದನಿಯೊಂದಿಗೂ ಕೆಲಸ ಮಾಡುತ್ತದೆ. ಬ್ರೈಲ್ ಪ್ರತಿಗಾಗಿ ಕಾಯಬೇಕಾಗಿದ್ದ ವಿದ್ಯಾರ್ಥಿಯು ಅಂದಿನ ಪತ್ರಿಕೆಯನ್ನು ಅಂದೇ ಕೇಳುವುದು ಸಾಧ್ಯವಾಗಿದೆ. ಆದರೆ ಪುಟದ ಛಾಯಾಚಿತ್ರವನ್ನು ಮಾತ್ರ ಹಾಕಿರುವ ಸುತ್ತೋಲೆಯನ್ನು ಈ ತಂತ್ರಾಂಶವು ತಾನಾಗಿ ಓದಲಾರದು. ಅಕ್ಷರವನ್ನು ಯೂನಿಕೋಡಿನಲ್ಲಿ ಪ್ರಕಟಿಸುವುದೋ ಚಿತ್ರವಾಗಿಯೋ ಎಂಬುದು ಕಚೇರಿಗೆ ಸಣ್ಣ ವಿಷಯ; ಓದುಗನಿಗೆ ಅದೇ ಎಲ್ಲವೂ.

3. ಯಂತ್ರದ ಕೇಳ್ಮೆ

ಓದಿ ಹೇಳುವುದಕ್ಕಿಂತ ಕೇಳಿ ಬರೆದುಕೊಳ್ಳುವುದು ಕಠಿಣ. ಗಾಳಿಯ ಕಂಪನವನ್ನು ಯಂತ್ರವು ಸಾಮಾನ್ಯವಾಗಿ ಸೆಕೆಂಡಿಗೆ 16,000 ಬಾರಿ ಅಳೆದು ಸಂಖ್ಯೆಗಳಾಗಿ ಮಾಡಿಕೊಳ್ಳುತ್ತದೆ. ಆ ಸಾಲನ್ನು ಸೆಕೆಂಡಿನ ಸಣ್ಣ ಭಾಗಗಳಷ್ಟಿರುವ ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿನಲ್ಲಿ ಯಾವ ಸ್ವರಭಾರದ ಅಲೆಗಳು ಎಷ್ಟೆಷ್ಟಿವೆ ಎಂದು ಲೆಕ್ಕಹಾಕುತ್ತದೆ. ಬರಹದೊಂದಿಗೆ ಹೊಂದಿಸಿದ ಸಾವಿರಾರು ಗಂಟೆಗಳ ಮಾತನ್ನು ಮೊದಲೇ ಕೇಳಿಸಿ ಪಳಗಿಸಿದ ನರಜಾಲ ಮಾದರಿಯು ಆ ತುಣುಕುಗಳಿಂದ ಹೆಚ್ಚು ಸಂಭವನೀಯವಾದ ಅಕ್ಷರಗಳನ್ನೂ ಪದಗಳನ್ನೂ ಊಹಿಸುತ್ತದೆ. ಇದು ಊಹೆ ಎಂಬುದನ್ನು ಮರೆಯಲಾಗದು. ಕೇಳಿದ ಮಾದರಿಗಳು ಎಷ್ಟು ವೈವಿಧ್ಯಮಯವೋ ಊಹೆ ಅಷ್ಟು ನಿಖರ.

2017ರಲ್ಲಿ ಗೂಗಲ್ ಸಂಸ್ಥೆಯ ದನಿಬರಹ ಸೌಲಭ್ಯಕ್ಕೆ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳು ಸೇರ್ಪಡೆಯಾದವು. 2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ಯನ್ನು ಆರಂಭಿಸಿತು. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಸುಮಾರು ಶೇ. 75. ಅಂದರೆ ಏಳು ವರ್ಷ ಮೀರಿದವರಲ್ಲಿ ನಾಲ್ವರಿಗೊಬ್ಬರು ಅಕ್ಷರದ ಹೊರಗಿದ್ದರು. ಅವರ ಪಾಲಿಗೆ ಬರಹದ ಆಧಾರದ ಮೇಲೆ ನಿಂತ ಯಾವ ಸೇವೆಯೂ ಇನ್ನೊಬ್ಬರ ಮರ್ಜಿಯದು. ಮಾತಿನಲ್ಲಿಯೇ ಕೇಳಿ ಮಾತಿನಲ್ಲಿಯೇ ಉತ್ತರ ಪಡೆಯುವ ಯಂತ್ರವು ಇಂಥವರಿಗೆ ಮಧ್ಯವರ್ತಿಯ ಹಂಗಿಲ್ಲದ ದಾರಿಯಾಗಬಲ್ಲದು.

4. ಯಾರ ಕನ್ನಡ?

ಯಂತ್ರವು ಕಲಿತದ್ದು ಯಾರ ಕನ್ನಡವನ್ನು ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ‘ಹೋಗುತ್ತೇನೆ’ ಎಂಬ ಗ್ರಾಂಥಿಕ ರೂಪ ಮೈಸೂರಿನ ಕಡೆ ‘ಹೋಗ್ತೀನಿ’, ಧಾರವಾಡದ ಕಡೆ ‘ಹೋಗತೇನಿ’. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಕಾರ ಬಿದ್ದು ‘ಹಾಲು’ ‘ಆಲು’ ಆಗುತ್ತದೆ. ‘ಬೆಳೆ’, ‘ಬೆಲೆ’, ‘ಬೇಳೆ’ ಎಂಬ ಮೂರು ಪದಗಳನ್ನು ಬೇರ್ಪಡಿಸುವುದು ಒಂದು ದೀರ್ಘ ಮತ್ತು ಒಂದು ಳಕಾರ ಮಾತ್ರ. ಮಾರುಕಟ್ಟೆಯ ದರ ಕೇಳುವ ರೈತನ ಒಂದೇ ವಾಕ್ಯದಲ್ಲಿ ಮೂರೂ ಬರಬಹುದು. ವಾರ್ತಾವಾಚಕರ ದನಿಯಿಂದ ಮಾತ್ರ ಪಾಠ ಕಲಿತ ಯಂತ್ರವು ಇಂಥ ಮಾತನ್ನು ತಪ್ಪಾಗಿ ಕೇಳಿಸಿಕೊಂಡಾಗ, ತಪ್ಪು ತನ್ನ ಮಾತಿನದೆಂದು ರೈತನು ಭಾವಿಸುವ ಅಪಾಯವಿದೆ. ಅಚ್ಚಿನ ಭಾಷೆ ಆಡುನುಡಿಗಳನ್ನು ಹಿಂದಕ್ಕೆ ಸರಿಸಿದಂತೆ ಯಂತ್ರವೂ ಸರಿಸಬಾರದೆಂದಿದ್ದರೆ ಮಾದರಿಗಳ ಸಂಗ್ರಹವೇ ವಿಶಾಲವಾಗಬೇಕು.

ಈ ದಿಸೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ಯ ಉಲ್ಲೇಖನೀಯ. ಅದರ ‘ರೆಸ್ಪಿನ್’ ಯೋಜನೆಯು ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಉಪಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿಗೆ ಸಂಬಂಧಿಸಿದ ಮಾತನ್ನು ಸಂಗ್ರಹಿಸುವ ಉದ್ದೇಶದ್ದು. ‘ವಾಣಿ’ ಯೋಜನೆಯು ದೇಶದ ಜಿಲ್ಲೆಜಿಲ್ಲೆಗಳಿಂದ ಜನರ ಸಹಜ ಮಾತನ್ನು ದಾಖಲಿಸುವ ಗುರಿ ಹೊಂದಿದೆ. ಕರ್ನಾಟಕದ ಇತರ ನುಡಿಗಳೂ ಈ ಪರಿಧಿಗೆ ಬರುತ್ತಿವೆ. 2024ರಲ್ಲಿ ತುಳು ಗೂಗಲ್ ಅನುವಾದಕ್ಕೆ ಸೇರಿತು. ಅದೇ ವರ್ಷ ತುಳು–ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆಯಿತು.

5. ಅನುವಾದದ ಕನ್ನಡ

ಕನ್ನಡದ ಪದರಚನೆಯೂ ಯಂತ್ರಕ್ಕೆ ಸವಾಲು. ‘ಮನೆ’ ಎಂಬ ಒಂದು ನಾಮಪದದಿಂದ ‘ಮನೆಯಲ್ಲಿಯೂ’, ‘ಮನೆಯವರಿಗಾಗಿಯೇ’, ‘ಮನೆಯಲ್ಲಿದ್ದವರಿಂದಲೇ’ ಎಂದು ಅಸಂಖ್ಯ ರೂಪಗಳು ಹುಟ್ಟುತ್ತವೆ. ಪ್ರಧಾನವಾಗಿ ಇಂಗ್ಲಿಷ್ ಪಠ್ಯದಿಂದ ರೂಪುಗೊಂಡ ಮಾದರಿಗಳು ಇಂಥ ಪದಗಳನ್ನು ಹಲವು ಚೂರುಗಳಾಗಿ ಒಡೆಯುತ್ತವೆ. ಚೂರು ಹೆಚ್ಚಿದಷ್ಟೂ ಗಣನೆಯ ವೆಚ್ಚ ಹೆಚ್ಚು. ಅದೇ ಸಂಗತಿಯನ್ನು ಕನ್ನಡದಲ್ಲಿ ಕೇಳುವುದು ಹೀಗೆ ದುಬಾರಿಯಾಗುತ್ತದೆ.

ಇನ್ನೂ ಸೂಕ್ಷ್ಮವಾದ ಸಮಸ್ಯೆಯೊಂದಿದೆ. ಅಂತರಜಾಲದಲ್ಲಿ ಕನ್ನಡ ಪಠ್ಯ ಇಂಗ್ಲಿಷಿಗೆ ಹೋಲಿಸಿದರೆ ಅತ್ಯಲ್ಪ. ಆ ಅಲ್ಪದಲ್ಲಿ ಯಂತ್ರಾನುವಾದದ ಪಾಲು ಬೆಳೆಯುತ್ತ ಹೋದರೆ, ಮುಂದಿನ ಯಂತ್ರಗಳು ಕಲಿಯುವುದು ಹಿಂದಿನ ಯಂತ್ರಗಳ ಕನ್ನಡವನ್ನು. ಇಂಗ್ಲಿಷ್ ವಾಕ್ಯದ ಎಲುಬಿಗೆ ಕನ್ನಡದ ಚರ್ಮ ಹೊದಿಸಿದ ಭಾಷೆಯೇ ಸುತ್ತೋಲೆ, ಔಷಧಿಯ ಚೀಟಿ, ಪಠ್ಯಪುಸ್ತಕಗಳಲ್ಲಿ ರೂಢಿಯಾಗಬಹುದು. ಔಷಧಿಯ ಚೀಟಿಯಲ್ಲಂತೂ ಇದು ಶೈಲಿಯ ಪ್ರಶ್ನೆ ಮಾತ್ರವಲ್ಲ. ‘ಊಟಕ್ಕೆ ಮುಂಚೆ’ ಎಂಬುದು ‘ಊಟದ ಮುಂದೆ’ ಎಂದಾದರೆ ರೋಗಿಗೆ ಏನೂ ತಿಳಿಯದು.

ಸಮಾರೋಪ

ಯಂತ್ರದ ಕನ್ನಡವನ್ನು ತಂತ್ರಜ್ಞರಿಗೆ ಮಾತ್ರ ಬಿಟ್ಟುಕೊಡುವಂತಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹಲವು ವಿದ್ವಾಂಸರ ದಶಕಗಳ ದುಡಿಮೆಯ ಫಲ. ಅಂಥದೇ ಶ್ರದ್ಧೆಯಿಂದ ಆಡುನುಡಿಗಳ ಧ್ವನಿಭಂಡಾರ, ತಿದ್ದಿದ ಯೂನಿಕೋಡ್ ಪಠ್ಯಗಳು, ವೃತ್ತಿಪದಗಳ ಕೋಶಗಳು ಸಿದ್ಧವಾಗಬೇಕು. ದನಿ ನೀಡಿದವರ ಒಪ್ಪಿಗೆಗೂ ಗೋಪ್ಯತೆಗೂ ಇದರಲ್ಲಿ ಸ್ಥಾನವಿರಬೇಕು; ಒಬ್ಬರ ದನಿಯನ್ನು ಅನುಕರಿಸಿ ವಂಚಿಸುವುದೂ ಇದೇ ವಿದ್ಯೆಯಿಂದ ಸಾಧ್ಯವಾಗಿದೆ. ಯಂತ್ರ ತಪ್ಪಿದಲ್ಲಿ ತಿದ್ದುವ ಅಧಿಕಾರಿಯೊಬ್ಬರು ಪ್ರತಿ ಸೇವೆಯ ಹಿಂದೆ ಇರಬೇಕು.

‘ೞ’ಕಾರದ ಹೆಸರಿನ ತಪ್ಪು ನಿತ್ಯದ ಬದುಕಿಗೆ ಬಾಧಕವಲ್ಲ. ಆದರೆ ಆರಂಭದಲ್ಲಿ ಗಮನಿಸದೆ ಬಿಟ್ಟದ್ದು ಮುಂದೆ ತಿದ್ದಲಾಗದಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿದೆ. ಯಂತ್ರವು ಕನ್ನಡದ ಮಾತನ್ನು ಕಲಿಯುತ್ತಿರುವ ಈ ಕಾಲವೂ ಅಂಥ ಆರಂಭವೇ. ಜಗತಿಯ ಮೇಲೆ ಕುಳಿತು ಮಾತಾಡುವವರ ಕನ್ನಡವೂ ಅದರ ಪಾಠದಲ್ಲಿ ಸೇರುವಂತೆ ನೋಡಿಕೊಳ್ಳುವ ಹೊಣೆ ವಿದ್ವತ್ ಸಂಸ್ಥೆಗಳದ್ದಾಗಿದೆ.