ಬೆಡಗು ಬೇರೆಯಾದರೂ ರಕ್ತ ಒಂದೇ

ಅನಂತಪುರ, ಅಥಣಿ, ಕಾಗವಾಡದ ನಮ್ಮ ಸೀಮೆಯಲ್ಲಿ ಕನ್ಯೆ ನೋಡುವ ಮಾತು ಬಂದರೆ ಹಿರಿಯರು ಮೊದಲು ವಿಚಾರಿಸುವುದು ಬೆಡಗನ್ನು. ಒಂದೇ ಬೆಡಗಾದರೆ ಅಣ್ಣ-ತಂಗಿಯರೆಂದು ಭಾವಿಸಿ ಸಂಬಂಧವನ್ನು ಅಲ್ಲಿಗೇ ಕೈಬಿಡುತ್ತಾರೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವಾಗ ಬೆಡಗು ಬೇರೆಯಾಗಿರುತ್ತದೆ. ಯಾರೂ ಅಡ್ಡಿ ಮಾಡುವುದಿಲ್ಲ. ಬೆಡಗು ತಂದೆಯ ಕಡೆಯಿಂದ ಮಾತ್ರ ಬರುತ್ತದೆ. ಮಗುವಿನ ಶರೀರವಾದರೋ ತಾಯಿ ತಂದೆ ಇಬ್ಬರ ವಂಶವಾಹಿಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆ ಲೆಕ್ಕದಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕನೆಯ ಒಂದು ಪಾಲು, ಅತ್ತೆ-ಮಾವನ ಮಕ್ಕಳ ನಡುವೆ ಎಂಟನೆಯ ಒಂದು ಪಾಲು ಸಮಾನವಾಗಿರುತ್ತದೆ.

ಚರಕಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯಕ್ಕೆ ‘ಅತುಲ್ಯಗೋತ್ರೀಯ’ ಎಂದೇ ಹೆಸರು. ಸಂತಾನದ ವಿಚಾರವನ್ನು ಬೇರೆ ಗೋತ್ರದ ದಂಪತಿಗಳಿಂದಲೇ ಆರಂಭಿಸಿದ ಆಚಾರ್ಯರ ದೃಷ್ಟಿ ದೊಡ್ಡದು. ಆದರೆ ಗೋತ್ರವೂ ತಂದೆಯ ಕಡೆಯದೇ ಎಂಬುದನ್ನು ವೈದ್ಯರಾದ ನಾವು ಮರೆಯಲಾಗದು.

ಈ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ದೊಡ್ಡ ಸಂಶೋಧನೆಯೊಂದು ನಡೆದಿದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಒಂದು ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಆ ಶಿಶುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ರಕ್ತಸಂಬಂಧದ ದಂಪತಿಗಳದ್ದಾಗಿತ್ತು. 1988ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಿದುಳಿಗೆ ಹಾನಿ ಮಾಡುವ ಅಮೈನೋ ಆಮ್ಲ ದೋಷಗಳು ಇಂಥ ದಂಪತಿಗಳ ಮಕ್ಕಳಲ್ಲಿಯೇ ಹೆಚ್ಚಾಗಿ ಕಂಡುಬಂದವು.

ಇದು ಹೇಗೆ ಸಂಭವಿಸುತ್ತದೆ? ನಮ್ಮೆಲ್ಲರಲ್ಲಿಯೂ ಕೆಲವು ದೋಷಯುಕ್ತ ವಂಶವಾಹಿಗಳು ಅಡಗಿರುತ್ತವೆ. ಜೋಡಿಯ ಇನ್ನೊಂದು ಸರಿಯಿದ್ದರೆ ತೊಂದರೆಯಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿಯೂ ಅದೇ ದೋಷವಿದ್ದಾಗ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲೊಂದು ಸಂಭವದಂತೆ ರೋಗ ಪ್ರಕಟವಾಗುತ್ತದೆ. ಫಿನೈಲ್‌ಕೀಟೋನ್ಯೂರಿಯಾ ಎಂಬ ರೋಗದಲ್ಲಿ ಆಹಾರದ ಒಂದು ಅಂಶ ಜೀರ್ಣಾನಂತರ ಒಡೆಯದೆ ರಕ್ತದಲ್ಲಿ ಸಂಚಯವಾಗಿ ಮಿದುಳನ್ನು ಕೆಡಿಸುತ್ತದೆ. ಇನ್ನೊಂದರಲ್ಲಿ ಕೂಸಿನ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ಕೂಸು ಹಾಲು ಬಿಟ್ಟು ಮಂಕಾಗುತ್ತದೆ. ದೃಷ್ಟಿ ತಾಗಿತೆಂದು ಅಂತ್ರ ಕಟ್ಟಿಸುತ್ತ ಕೂಡುವ ದಿನಗಳೇ ಚಿಕಿತ್ಸೆಯ ದಿನಗಳು. ಹಿಮ್ಮಡಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ಮೊದಲನೆಯ ರೋಗವನ್ನು ಗುರುತಿಸುವ ಪರೀಕ್ಷೆಯನ್ನು 1960ರ ದಶಕದ ಆರಂಭದಲ್ಲಿ ರೂಪಿಸಿದವರು ಅಮೆರಿಕದ ರಾಬರ್ಟ್ ಗತ್ರಿ. ಅವರ ಸ್ವಂತ ಮಗನಿಗೂ ಬುದ್ಧಿ ಬೆಳವಣಿಗೆಯ ಕೊರತೆಯಿತ್ತು. ಮೊದಲ ವಾರಗಳಲ್ಲಿಯೇ ಪಥ್ಯಾಹಾರ ಆರಂಭಿಸಿದರೆ ಈ ರೋಗದ ಕೂಸು ಎಲ್ಲರಂತೆ ಬೆಳೆಯಬಲ್ಲದು.

ಹಾಗೆಂದು ಸಂಬಂಧದಲ್ಲಿ ಮದುವೆಯಾದವರು ಗಾಬರಿಗೊಳ್ಳಬೇಕಿಲ್ಲ. ಅವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಸಂಬಂಧದ ಹೊರಗೆ ಮದುವೆಯಾದವರಲ್ಲಿಯೂ ದೋಷವಿರುವ ಮಕ್ಕಳು ಹುಟ್ಟುತ್ತಾರೆ. ಆಟಿಸಂ, ಮಿದುಳಿನ ಪಾರ್ಶ್ವವಾಯುಗಳಿಗೆ ಕಾರಣಗಳು ಬೇರೆ ಅನೇಕ. ಆದರೆ ಇಂಥ ಕೂಸು ಹುಟ್ಟಿದ ಮನೆಯಲ್ಲಿ ಸೊಸೆಯ ಕಾಲ್ಗುಣವನ್ನು ಹಳಿಯುವುದು ನಮಗೆ ಸಹನೆಯಾಗದ ಸಂಗತಿ. ಈ ರೋಗಗಳಲ್ಲಿ ದೋಷವು ಇಬ್ಬರಿಂದಲೂ ಬಂದಿರುತ್ತದೆ. ಅವಳು ಅದೇ ಮನೆಯ ಮೊಮ್ಮಗಳೂ ಆಗಿರಬಹುದು.

ಬಜೆ ತೇಯ್ದು ನೆಕ್ಕಿಸಿದರೆ ಮಾತು ಬರುವುದೆಂದು ಎರಡು ಮೂರು ವರ್ಷ ಕಾಯುವವರಿದ್ದಾರೆ. ಬಜೆ, ಬ್ರಾಹ್ಮಿಗಳ ಮೇಲೆ ನಮಗೆ ಗೌರವವಿದೆ. ಕಿವಿ ಕೇಳದ ಕೂಸಿಗೆ ಅವುಗಳಿಂದ ಮಾತು ಬಾರದು. ಮೊದಲು ಶ್ರವಣ ಪರೀಕ್ಷೆಯಾಗಲಿ.

2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರನ್ನು ಕೇಳಿರಿ. ಮನೆತನದಲ್ಲಿ ಹಿಂದೆ ಶಿಶುಮರಣ, ಕಿವುಡು, ಬುದ್ಧಿ ಬೆಳವಣಿಗೆಯ ಕೊರತೆ ಇದ್ದಿತೇ ಎಂಬುದನ್ನು ಹಿರಿಯರಿಂದ ತಿಳಿದು ಬರೆದುಕೊಳ್ಳಿರಿ. ಆ ಚೀಟಿಯನ್ನು ನಿಶ್ಚಯ ಕಾರ್ಯಕ್ಕೆ ಮುನ್ನವೇ ವೈದ್ಯರಿಗೆ ತೋರಿಸಿರಿ. ಮದುವೆ ಆಗಿಹೋಗಿದ್ದರೆ ಗರ್ಭ ನಿಲ್ಲುವ ಮೊದಲು.