ಗಣಕದ ಮೆಮೊರಿಯಲ್ಲಿ ಉಳಿಯುವ ಹಳೆಯ ಬರಹ: ಕರ್ನೆಲ್ ರಕ್ಷಣೆಯ ಕ್ರಮಗಳು

ಅಂಗಡಿಯ ಬಿಲ್ಲು, ದಾಸ್ತಾನಿನ ಲೆಕ್ಕ, ಜಿ.ಎಸ್.ಟಿ. ವಿವರಪಟ್ಟಿ, ಬ್ಯಾಂಕಿನ ವ್ಯವಹಾರ ಇವೆಲ್ಲವೂ ಇಂದು ಅನೇಕ ಸಂಸ್ಥೆಗಳಲ್ಲಿ ಒಂದೇ ಗಣಕದಲ್ಲಿ ನಡೆಯುತ್ತವೆ. ವೈರಸ್ ನಿರೋಧಕ ತಂತ್ರಾಂಶವನ್ನು ಕೊಂಡು ಹಾಕಿ, ಪಾಸ್‌ವರ್ಡನ್ನು ಗುಟ್ಟಾಗಿಟ್ಟರೆ ರಕ್ಷಣೆಯ ಕೆಲಸ ಮುಗಿಯಿತೆಂದು ಭಾವಿಸುವ ವರ್ತಕರೇ ಹೆಚ್ಚು. ಆದರೆ ಮಾಹಿತಿ ಸೋರುವ ಒಂದು ದಾರಿ ಇವೆರಡಕ್ಕೂ ನಿಲುಕದ ಸ್ಥಳದಲ್ಲಿದೆ. ಅದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್.

ಕರ್ನೆಲ್ ಎಂಬುದು ಪೇಢಿಯ ಎಲ್ಲ ಕೀಲಿಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡ ಮುನೀಮನಿದ್ದಂತೆ. ಯಾವ ತಂತ್ರಾಂಶಕ್ಕೆ ಎಷ್ಟು ಮೆಮೊರಿ ಕೊಡಬೇಕು, ಯಾವ ಕಡತವನ್ನು ಯಾರು ಓದಬಹುದು ಎಂಬುದನ್ನು ಅದೇ ನಿರ್ಧರಿಸುತ್ತದೆ. ತನ್ನ ಸ್ವಂತ ಕೆಲಸಕ್ಕೂ ಅದಕ್ಕೆ ಮೆಮೊರಿ ಬೇಕು. ಕೆಲಸ ಮುಗಿದ ಮೇಲೆ ಆ ಜಾಗವನ್ನು ಬಿಟ್ಟುಕೊಡುತ್ತದೆ. ಅದೇ ಜಾಗ ಕ್ಷಣಾರ್ಧದಲ್ಲಿ ಮತ್ತೊಂದು ಕೆಲಸಕ್ಕೆ ಒದಗುತ್ತದೆ. ಮೊದಲು ಬರೆದದ್ದನ್ನು ಅಳಿಸಿ ಕೊಡಬೇಕೆಂಬ ನಿಯಮವಿಲ್ಲ. ವಿಂಡೋಸ್ ಮತ್ತು ಲಿನಕ್ಸ್ ಕರ್ನೆಲ್‌ಗಳ ಬಹುಭಾಗ ರಚಿತವಾಗಿರುವುದು 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ‘ಸಿ’ ಭಾಷೆಯಲ್ಲಿ. ಆ ಭಾಷೆಯಲ್ಲಿ ಕಾರ್ಯಘಟಕದೊಳಗಿನ ಸಾಮಾನ್ಯ ಚರಗಳಿಗೆ ಆರಂಭಿಕ ಬೆಲೆ ತಾನಾಗಿ ಸಿಗುವುದಿಲ್ಲ. ಪ್ರೋಗ್ರಾಮರ್ ಬರೆದರೆ ಉಂಟು, ಮರೆತರೆ ಹಿಂದಿನ ಬಳಕೆಯ ಉಳಿಕೆಯೇ ಗತಿ. ಗಣಕದ ಸಮಯ ದುಬಾರಿಯಾಗಿದ್ದ ಕಾಲದಲ್ಲಿ ಈ ಮಿತವ್ಯಯ ಸಹಜವೇ ಆಗಿತ್ತು.

ಮರೆವಿನಿಂದ ಆಗುವ ಹಾನಿ ಎರಡು ಬಗೆಯದು. ಮೊದಲನೆಯದು ಸೋರಿಕೆ. ಒಂದು ಬೈಟಿನ ಗುರುತು, ಅದರ ಬಳಿಕ ನಾಲ್ಕು ಬೈಟಿನ ಮೊತ್ತ ಇರುವ ಒಂದು ನಮೂನೆಯನ್ನು ಊಹಿಸಿಕೊಳ್ಳಬಹುದು. ಕೂಡಿದರೆ ಐದು ಬೈಟು. ಆದರೆ ಸಂಸ್ಕಾರಕದ ಅನುಕೂಲಕ್ಕಾಗಿ ಕಂಪೈಲರ್ ನಡುವೆ ಮೂರು ಬೈಟು ಖಾಲಿ ಬಿಟ್ಟು ಒಟ್ಟು ಎಂಟು ಬೈಟಿನ ಜಾಗ ಮಾಡುತ್ತದೆ. ಪ್ರೋಗ್ರಾಮರ್ ಎರಡೂ ಅಂಕಣಗಳನ್ನು ತಪ್ಪದೆ ತುಂಬಿದರೂ ನಡುವಿನ ಮೂರು ಬೈಟುಗಳಲ್ಲಿ ಹಳೆಯದು ಹಾಗೆಯೇ ಉಳಿದಿರಬಹುದು. ಕರ್ನೆಲ್ ಈ ನಮೂನೆಯನ್ನು ಇಡಿಯಾಗಿ ಸಾಮಾನ್ಯ ತಂತ್ರಾಂಶಕ್ಕೆ ನಕಲು ಮಾಡಿ ಕೊಟ್ಟಾಗ ಆ ಮೂರು ಬೈಟುಗಳೂ ಹೊರಗೆ ಹೋಗುತ್ತವೆ. ಒಬ್ಬ ಗಿರಾಕಿಯ ಉದ್ರಿ ಬರೆದಿದ್ದ ಹಾಳೆಯಲ್ಲೇ ಮತ್ತೊಬ್ಬನಿಗೆ ಬಿಲ್ಲು ಬರೆದುಕೊಟ್ಟಂತಾಯಿತು. ಮೂರು ಬೈಟು ಅಲ್ಪವೆನಿಸಬಹುದು. ಆದರೆ ಅದೇ ಕರೆಯನ್ನು ಸಾವಿರಾರು ಬಾರಿ ಮಾಡಲು ತಂತ್ರಾಂಶಕ್ಕೆ ಆಯಾಸವಿಲ್ಲ. ಹೀಗೆ ಸಿಗುವ ಚೂರುಗಳಲ್ಲಿ ಬೇರೊಂದು ತಂತ್ರಾಂಶದ ಮಾಹಿತಿಯಿರಬಹುದು. ಕರ್ನೆಲ್‌ನ ಭಾಗಗಳು ಮೆಮೊರಿಯಲ್ಲಿ ಎಲ್ಲಿವೆ ಎಂಬ ವಿಳಾಸಗಳೂ ಇರಬಹುದು. ದಾಳಿಕಾರರಿಗೆ ಈ ವಿಳಾಸಗಳೇ ಹೆಚ್ಚು ಬೆಲೆಯವು. ಎರಡನೆಯ ಹಾನಿ ಇನ್ನೂ ನೇರ: ತುಂಬದ ಜಾಗದಲ್ಲಿದ್ದ ಕಸವನ್ನೇ ವಿಳಾಸವೆಂದೋ ಅಳತೆಯೆಂದೋ ಕರ್ನೆಲ್ ನಂಬಿ ನಡೆದರೆ, ಆ ಕಸವನ್ನು ಮುಂಚಿತವಾಗಿ ಹೊಂಚಿ ಇಟ್ಟವನಿಗೆ ಇಡೀ ಯಂತ್ರ ವಶವಾಗಬಹುದು.

ಇಂಥ ದೋಷಗಳು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಸರಳ. ಯಂತ್ರ ನಿಲ್ಲುವುದಿಲ್ಲ, ಫಲಿತಾಂಶ ತಪ್ಪುವುದಿಲ್ಲ, ದೂರು ಕೊಡುವವರೇ ಇಲ್ಲ. ಗೂಗಲ್ ಸಂಸ್ಥೆಯ ಪ್ರಾಜೆಕ್ಟ್ ಝೀರೋ ತಂಡದ ಮಟೆಯುಷ್ ಯುರ್ಚಿಕ್ ಅವರು 2017ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಬಾಕ್ಸ್ ಎಂಬ ಅನುಕರಣ ತಂತ್ರಾಂಶದೊಳಗೆ ಇಡೀ ವಿಂಡೋಸನ್ನು ಓಡಿಸಿ, ತುಂಬದ ಪ್ರತಿಯೊಂದು ಬೈಟಿಗೂ ಗುರುತು ಹಾಕಿ, ಗುರುತಿನ ಬೈಟು ಕರ್ನೆಲ್‌ನ ಗಡಿ ದಾಟಿದೊಡನೆ ಎಚ್ಚರಿಕೆ ಬರುವಂತೆ ಮಾಡಿದರು. 2018ರ ಆರಂಭದ ಹೊತ್ತಿಗೆ ವಿಂಡೋಸ್‌ನಲ್ಲಿ 70ಕ್ಕೂ ಹೆಚ್ಚು ಸೋರಿಕೆಗಳು ಸಿಕ್ಕವು. ಲಿನಕ್ಸ್‌ನಲ್ಲಿ ಹತ್ತಕ್ಕೂ ಹೆಚ್ಚು ಚಿಕ್ಕಪುಟ್ಟ ದೋಷಗಳು ಹೊರಬಿದ್ದವು. ನುರಿತ ತಂತ್ರಜ್ಞರು ವರ್ಷಾನುಗಟ್ಟಲೆ ಪರಿಶೀಲಿಸಿದ ತಂತ್ರಾಂಶದಲ್ಲಿಯೇ ಇಷ್ಟು ದೋಷಗಳಿದ್ದರೆ, ‘ಪ್ರೋಗ್ರಾಮರ್ ಎಚ್ಚರದಿಂದಿರಬೇಕು’ ಎಂಬ ಉಪದೇಶದ ಬೆಲೆ ಎಷ್ಟೆಂಬುದು ಸ್ಪಷ್ಟವಾಯಿತು.

ಮೊದಲೇ ಸೊನ್ನೆ ತುಂಬುವ ಕ್ರಮ

ಆ ಬಳಿಕ ಉದ್ಯಮ ಹಿಡಿದ ಹಾದಿ ಬೇರೆ. ದೋಷಗಳನ್ನು ಒಂದೊಂದಾಗಿ ಹುಡುಕುವ ಬದಲು, ಮರೆತ ಜಾಗವನ್ನು ಕಂಪೈಲರ್ ಮತ್ತು ಕರ್ನೆಲ್ ತಾವೇ ಸೊನ್ನೆಯಿಂದ ತುಂಬಿಬಿಡುವುದು. ಮೈಕ್ರೋಸಾಫ್ಟ್ ಸಂಸ್ಥೆಯು ‘ಇನಿಟ್‌ಆಲ್’ ಎಂಬ ಹೆಸರಿನಲ್ಲಿ ಇದನ್ನು ವಿಂಡೋಸ್ 10ರ ಕರ್ನೆಲ್‌ಗೆ ಅಳವಡಿಸಿತು. 2019ರ ಸೆಪ್ಟೆಂಬರಿನಲ್ಲಿ ಹೊರಬಂದ ಲಿನಕ್ಸ್ 5.3ರಲ್ಲಿ, ಮೆಮೊರಿ ಕೊಡುವಾಗ ಅಥವಾ ಹಿಂಪಡೆಯುವಾಗ ಸೊನ್ನೆ ತುಂಬುವ ಸೌಲಭ್ಯ ಸೇರಿತು. ಆಂಡ್ರಾಯ್ಡ್ 11 ಸಹ 2020ರಲ್ಲಿ ಇದೇ ಹಾದಿ ತುಳಿಯಿತು.

ಕ್ಲ್ಯಾಂಗ್ ಕಂಪೈಲರಿನವರು ಮಾತ್ರ ಆರಂಭದಲ್ಲಿ ಹಿಂಜರಿದರು. ಸೊನ್ನೆ ತಾನಾಗಿ ಬರುತ್ತದೆಂದು ಪ್ರೋಗ್ರಾಮರುಗಳು ನೆಚ್ಚಿಕೊಂಡರೆ ಭಾಷೆಯೇ ಎರಡು ಕವಲಾಗುತ್ತದೆಂಬುದು ಅವರ ಅಳುಕು. ಆದುದರಿಂದ ಈ ಸೌಲಭ್ಯ ಬೇಕಾದವರು ‘ಮುಂದೆ ಇದನ್ನು ತೆಗೆದುಹಾಕಲಾಗುವುದೆಂದು ತಿಳಿದೇ ಬಳಸುತ್ತಿದ್ದೇನೆ’ ಎಂಬರ್ಥದ ಮಾರುದ್ದದ ಆಜ್ಞೆಯೊಂದನ್ನು ಬರೆಯಬೇಕಿತ್ತು! ಕರಾರುಪತ್ರದ ಶರತ್ತಿನಂತಿದ್ದ ಈ ಆಜ್ಞೆ ಕಡೆಗೆ ತಾನೇ ನಿರುಪಯುಕ್ತವಾಯಿತು, ಸೌಲಭ್ಯ ಉಳಿಯಿತು. 2022ರಲ್ಲಿ ಜಿ.ಸಿ.ಸಿ. 12 ಕೂಡ ಅದನ್ನು ಒದಗಿಸಿತು.

ಇದಕ್ಕೆ ತೆರಬೇಕಾದ ಬೆಲೆಯನ್ನು ಲಿನಕ್ಸ್‌ನ ಸಂರಚನಾ ಕಡತವೇ ನಮೂದಿಸಿದೆ. ಮೆಮೊರಿ ಕೊಡುವಾಗ ಸೊನ್ನೆ ತುಂಬಿದರೆ ಬಹುತೇಕ ಕೆಲಸಗಳಲ್ಲಿ ವೇಗದ ನಷ್ಟ ಶೇಕಡ 1ಕ್ಕಿಂತ ಕಡಿಮೆ. ಕೆಲವು ಕೃತಕ ಪರೀಕ್ಷೆಗಳಲ್ಲಿ ಶೇಕಡ 7. ಹಿಂಪಡೆಯುವಾಗ ತುಂಬಿದರೆ ಸಾಮಾನ್ಯವಾಗಿ ಶೇಕಡ 3ರಿಂದ 5. ಬಿಲ್ಲಿಂಗ್ ನಡೆಸುವ ಗಣಕದಲ್ಲಿ ಮೊದಲನೆಯದು ಗಮನಕ್ಕೇ ಬರಲಾರದು. ಇಷ್ಟು ಅಗ್ಗದ ರಕ್ಷಣೆ ಇಷ್ಟು ತಡವಾಗಿ ಬಂದದ್ದೇ ಸೋಜಿಗ.

ಹಾಗೆಂದು ಸೊನ್ನೆ ಸರ್ವರೋಗಕ್ಕೂ ಮದ್ದಲ್ಲ. ಲಿನಕ್ಸ್‌ನಲ್ಲಿ ಬಳಕೆದಾರ ಸಂಖ್ಯೆ 0 ಎಂದರೆ ಸರ್ವಾಧಿಕಾರವುಳ್ಳ ‘ರೂಟ್’. ಅನೇಕ ಕಡೆ ಫಲಿತಾಂಶ 0 ಎಂದರೆ ‘ಕೆಲಸ ಸಫಲ’ ಎಂದರ್ಥ. ಮರೆತ ಜಾಗ ಇಂಥದ್ದಾಗಿದ್ದರೆ ಸೊನ್ನೆಯೇ ತೊಡಕು ತರಬಹುದು. ಸೋರಿಕೆ ನಿಂತೀತು, ಮೂಲ ದೋಷ ಮರೆಯಾಗಿ ಉಳಿದೀತು. ಈ ಕಾರಣದಿಂದಲೇ ದೋಷ ಹುಡುಕುವ ಕೆಲಸವೂ ನಿಂತಿಲ್ಲ: ತುಂಬದ ಮೆಮೊರಿಯ ಬಳಕೆಯನ್ನು ಹಿಡಿದು ತೋರಿಸುವ ‘ಕೆಎಂಸ್ಯಾನ್’ ಎಂಬ ಸಾಧನ 2022ರ ಡಿಸೆಂಬರಿನ ಲಿನಕ್ಸ್ 6.1ರಲ್ಲಿ ಸೇರಿದೆ.

ವರ್ತಕರು ಮತ್ತು ಸಣ್ಣ ತಯಾರಕರು ನೋಡಬೇಕಾದುದು

ಕೊಂಡು ಬಳಸುವವರ ಮಟ್ಟಿಗೆ ವಿಷಯ ಆಪರೇಟಿಂಗ್ ಸಿಸ್ಟಮ್‌ನ ವಯಸ್ಸಿನದು. ವಿಂಡೋಸ್ 7ಕ್ಕೆ ತಯಾರಕರ ಬೆಂಬಲ 2020ರ ಜನವರಿ 14ಕ್ಕೆ ಕೊನೆಗೊಂಡಿತು. ಅದರ ಕರ್ನೆಲ್ ಈ ಕ್ರಮಗಳಿಗೆ ಮುಂಚಿನದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ತೂಕದ ಯಂತ್ರ, ಹಾಜರಿ ಯಂತ್ರ, ನಿಯಂತ್ರಣ ಫಲಕಗಳೊಳಗೆ ಲಿನಕ್ಸ್ ಕೂರಿಸಿ ಮಾರುವ ಸಣ್ಣ ತಯಾರಕರ ಹೊಣೆ ಇನ್ನೂ ಹೆಚ್ಚಿನದು, ಏಕೆಂದರೆ ಅಲ್ಲಿ ಕರ್ನೆಲ್ ಅವರದೇ ಆಯ್ಕೆ. ಬೋರ್ಡ್ ಪೂರೈಸುವವರು ಕೊಡುವ ಕರ್ನೆಲ್ ಅನೇಕ ವೇಳೆ ಹಳೆಯದಾಗಿರುತ್ತದೆ. ಆದುದರಿಂದ ಖರೀದಿಗೆ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಅದು 5.3 ಅಥವಾ ಅದಕ್ಕಿಂತ ಹೊಸದೇ ಎಂಬುದು. ಹೊಸ ಲಿನಕ್ಸ್‌ನಲ್ಲಿ ಕಂಪೈಲರಿಗೆ ಶಕ್ತಿಯಿದ್ದರೆ ಚರಗಳಿಗೆ ಸೊನ್ನೆ ತುಂಬುವುದು ತಾನಾಗಿ ಜಾರಿಯಲ್ಲಿರುತ್ತದೆ. ಮೆಮೊರಿ ಕೊಡುವಾಗ ಸೊನ್ನೆ ತುಂಬುವ ‘ಇನಿಟ್ ಆನ್ ಅಲಾಕ್’ ಮಾತ್ರ ಮೂಲ ಲಿನಕ್ಸ್‌ನಲ್ಲಿ ತಾನಾಗಿ ಜಾರಿಯಾಗುವುದಿಲ್ಲ. ಅದಕ್ಕಾಗಿ ಕರ್ನೆಲನ್ನು ಮತ್ತೆ ಕಟ್ಟುವ ಅಗತ್ಯವಿಲ್ಲ. ಯಂತ್ರ ಚಾಲೂ ಆಗುವಾಗ ಓದುವ ಆಜ್ಞೆಯ ಸಾಲಿಗೆ ಆ ಒಂದು ಪದವನ್ನು 1 ಎಂಬ ಬೆಲೆಯೊಂದಿಗೆ ಸೇರಿಸಿದರೆ ಸಾಕು. ವೇಗದ ಬಗ್ಗೆ ಸಂಶಯವಿದ್ದವರು ಆ ಪದವನ್ನು ಹಾಕಿ ಒಮ್ಮೆ, ತೆಗೆದು ಒಮ್ಮೆ ತಮ್ಮ ಯಂತ್ರವನ್ನು ಅಳೆದು ನೋಡಬಹುದು.